ಮೂವತ್ತೊಂದು ದೋಷಗಳ ಪುಟ್ಟ ಕಾರು

ನೀರು ಸರಬರಾಜು ಕಚೇರಿಯ ಸಾಹೇಬರು ಬೆಳಿಗ್ಗೆ ಬರುತ್ತಲೇ ಒಂದು ಕೀಲಿಕೈಯನ್ನು ಮೇಜಿನ ಮೇಲೆ ಎಸೆದು, "ನೋಡ್ರೀ, ಹೊರಗೆ ಒಂದು ಸಣ್ಣ ಕಾರು ನಿಂತಿದೆ. ಪೆಟ್ರೋಲ್ ಕಮ್ಮಿ ಕುಡಿಯತ್ತಂತೆ. ಓಡಿಸಿ ನೋಡಿ, ಸಂಜೆಯೊಳಗೆ ವರದಿ ಕೊಡಿ" ಎಂದರು.

ಅವರೆದುರು ನಿಂತಿದ್ದವನು ಹಿರಿಯ ಮೀಟರ್ ಇನ್‌ಸ್ಪೆಕ್ಟರ್. ಕಚೇರಿಯವರು ಇಟ್ಟ ಹೆಸರು ಅಳತೆಗೋಲು. ಆರಡಿ ಎರಡಂಗುಲದ ಎತ್ತರಕ್ಕೂ ಆ ಹೆಸರು ಸರಿ, ಗುಣಕ್ಕೂ ಸರಿ. ಮೀಟರಿನ ಮುಳ್ಳು ಕೂದಲೆಳೆಯಷ್ಟು ವಾಲಿದ್ದರೂ ಆ ದಿನ ಅವನಿಗೆ ಊಟ ರುಚಿಸುತ್ತಿರಲಿಲ್ಲ.

ಕಾರನ್ನು ನೋಡಿದ ಕೂಡಲೇ ಅವನಿಗೆ ಮೈ ಉರಿಯಿತು. ಯಾರೂ ಹೆಸರು ಕೇಳಿರದ ಕಂಪನಿ; ಇಂಥದ್ದನ್ನು ಕಚೇರಿಗೆ ಕೊಳ್ಳುವುದೇ! ಒಳಗೆ ಕೂತರೆ ಮೊಣಕಾಲು ಗಲ್ಲಕ್ಕೆ ತಗಲಿತು, ತಲೆ ಸೂರಿಗೆ ಬಡಿಯಿತು. ಚೀಲಕ್ಕೆ ತುರುಕಿದ ಕೊಡೆಯಂತೆ ಮಡಚಿಕೊಂಡು ಅವನು ಟಿಪ್ಪಣಿ ಪುಸ್ತಕ ತೆರೆಯುವಷ್ಟರಲ್ಲಿ ಹಿಂದಿನ ಬಾಗಿಲು ತೆರೆಯಿತು. ಟೈಪಿಸ್ಟ್ ತನ್ನ ಅತ್ತೆಯನ್ನು ಒಳಗೆ ಹತ್ತಿಸುತ್ತಿದ್ದಳು.

"ಅತ್ತೇನ ಕಣ್ಣಾಸ್ಪತ್ರೆಗೆ ಬಿಟ್ಬಿಡೋಣ ಸಾರ್. ಹೇಗೂ ಓಡಿಸ್ಲೇಬೇಕಲ್ಲ!"

"ಇದು ಕಚೇರಿ ಕೆಲಸ ಕಣಮ್ಮ!"

"ಅದಕ್ಕೇ ನಾನೂ ಬರ್ತಿರೋದು" ಎನ್ನುತ್ತ ಇನ್ನೊಂದು ಬಾಗಿಲಿನಿಂದ ಸ್ಟೋರ್ ಕೀಪರ್ ತೂರಿಕೊಂಡ. ಅವನ ಹೊಟ್ಟೆ ಅವನಿಗಿಂತ ಮೊದಲು ಒಳಗೆ ಬಂತು. ಕಂಕುಳಲ್ಲಿ ರಿಪೇರಿಗೆ ಹೊರಟ ಹೊಲಿಗೆ ಯಂತ್ರ. "ಭಾರ ಹಾಕದೆ ಅದೆಂಥ ಪರೀಕ್ಷೆ? ನಡೀರಿ, ನಡೀರಿ."

ಟೈಪಿಸ್ಟ್ ಮುಂದೆ ಬಂದು ಕೂತಳು. ಕಾರು ಗೊಣಗುತ್ತ ಹೊರಟಿತು. ಪೇಟೆ ಬೀದಿಯಲ್ಲಿ ಒಬ್ಬ ಅಡ್ಡ ಬಂದ. ಅಳತೆಗೋಲು ಹಾರ್ನ್ ಒತ್ತಿದ. ಸದ್ದು ಬರಲಿಲ್ಲ; ಬದಲಿಗೆ ಮುಂದಿನ ಗಾಜಿನ ವೈಪರು ಸರಸರನೆ ಓಡಾಡತೊಡಗಿತು.

"ಮಳೇನೇ ಇಲ್ವಲ್ಲಪ್ಪ, ಯಾಕೆ ಒರೆಸ್ತಿದ್ದೀಯ?" ಎಂದರು ಅತ್ತೆ.

"ಒರೆಸ್ತಿಲ್ಲಮ್ಮ, ಹಾರ್ನ್ ಹೊಡೀತಿದ್ದೀನಿ!"

"ಪಾಪ, ನನಗಿಂತ ಇವನಿಗೇ ಡಾಕ್ಟ್ರು ಬೇಕು" ಎಂದು ಅತ್ತೆ ಸೊಸೆಯ ಕಿವಿಯಲ್ಲಿ, ಬೀದಿಗೆಲ್ಲ ಕೇಳುವಂತೆ, ಪಿಸುಗುಟ್ಟಿದರು.

ಕೂಗಿಯಾದರೂ ಆ ಮನುಷ್ಯನನ್ನು ಸರಿಸೋಣವೆಂದು ಕಿಟಕಿ ಇಳಿಸಲು ಹೋದರೆ ಹಿಡಿ ಕೈಗೇ ಬಂತು. ಆಸ್ಪತ್ರೆಯ ಏರಿನ ನಡುವೆ ಎಂಜಿನ್ ಒಮ್ಮೆ ಬಿಕ್ಕಳಿಸಿ, ಜಗಳವಾಡಿ ತವರಿಗೆ ಹೊರಟವಳಂತೆ ಮಾತು ನಿಲ್ಲಿಸಿತು.

"ಇಳೀರಿ, ಎಲ್ಲರೂ ತಳ್ಳಬೇಕು" ಎಂದ ಅಳತೆಗೋಲು.

"ನಾನು ಇಳಿದ್ರೆ ಭಾರದ ಲೆಕ್ಕ ತಪ್ಪತ್ತೆ" ಎಂದ ಸ್ಟೋರ್ ಕೀಪರ್ ಕದಲದೆ. ಅತ್ತೆಗೆ ಕಣ್ಣು ಕಾಣದು. ಸ್ಟೀರಿಂಗ್ ಹಿಡಿಯಲು ಯಾರಾದರೂ ಬೇಕೆಂದು ಟೈಪಿಸ್ಟ್ ಅಳತೆಗೋಲಿನ ಜಾಗಕ್ಕೆ ಜರುಗಿದಳು. ಇಪ್ಪತ್ತೆರಡು ವರ್ಷ ಒಂದು ಕಪ್ಪುಚುಕ್ಕೆ ಇಲ್ಲದೆ ದುಡಿದ ಅಧಿಕಾರಿ ನಡುಬೀದಿಯಲ್ಲಿ ಮೂರು ಜನರನ್ನೂ ಒಂದು ಹೊಲಿಗೆ ಯಂತ್ರವನ್ನೂ ಏದುಸಿರು ಬಿಡುತ್ತ ಏರು ಹತ್ತಿಸಿದ. ಪಕ್ಕದಲ್ಲೇ ಸೈಕಲ್ಲಿನಲ್ಲಿ ಹೋಗುತ್ತಿದ್ದ ಹಾಲಿನವನು, "ಒಳ್ಳೇ ಗಾಡಿ ಸಾರ್, ಪೆಟ್ರೋಲೇ ಬೇಡ!" ಎಂದು ನಕ್ಕ.

ಮಧ್ಯಾಹ್ನ ಕಚೇರಿಗೆ ಮರಳಿದ ಸ್ಟೋರ್ ಕೀಪರ್, "ಬಂಗಾರದಂಥ ಗಾಡಿ! ಕೂತಿದ್ದೇ ಗೊತ್ತಾಗ್ಲಿಲ್ಲ" ಎಂದು ಮೇಜು ಮೇಜಿಗೂ ಹೇಳಿಕೊಂಡು ಬಂದ.

"ಕೂತಿದ್ದು ನಿಮಗೆ ಗೊತ್ತಾಗ್ಲಿಲ್ಲ. ತಳ್ಳಿದ್ದು ನನಗೆ ಗೊತ್ತಾಯ್ತು!" ಎಂದು ಸಿಡಿದ ಅಳತೆಗೋಲು ಊಟದ ಡಬ್ಬಿಯನ್ನು ತೆರೆಯದೆ ಬರೆಯಲು ಕೂತ. ಮೂವತ್ತೊಂದು ದೋಷಗಳು, ಒಂದೊಂದಕ್ಕೂ ಕಾರಣ, ಕೆಲವಕ್ಕೆ ಚಿತ್ರ. ಕೊನೆಯಲ್ಲಿ, "ಇದನ್ನು ಕೊಳ್ಳಬೇಕೆಂದು ಹೇಳಿದವರನ್ನು ಮೊದಲು ಪರೀಕ್ಷಿಸುವುದು ಒಳ್ಳೆಯದು" ಎಂದು ಬರೆದು, ಕಾಗದ ಹರಿಯುವಷ್ಟು ಒತ್ತಿ ಸಹಿ ಹಾಕಿದ.

ಸಂಜೆ ಸಾಹೇಬರು ಆರು ಪುಟವನ್ನೂ ಓದಿದರು. ಬೈಗುಳಕ್ಕೆ ಸಿದ್ಧನಾಗಿ ಅಳತೆಗೋಲು ಎದೆ ಸೆಟೆದು ನಿಂತ. ಸಾಹೇಬರು ಎದ್ದು ಬಂದು ಅವನ ಎರಡೂ ಕೈ ಹಿಡಿದುಕೊಂಡರು.

"ಎಂಥ ವರದಿ ರೀ! ನನ್ನ ಹೊಟ್ಟೆಗೆ ಹಾಲು ಹೊಯ್ದಿರಿ."

"ಅಂದ್ರೆ, ಕೊಳ್ಳಲ್ಲ ತಾನೇ ಸಾರ್?"

"ಕೊಳ್ಳೋದಾ?" ಸಾಹೇಬರು ಹಿಂದಿನ ಕಿಟಕಿಯ ಪರದೆ ಸರಿಸಿದರು. ಅಂಗಳದಲ್ಲಿ ಅಂಥವೇ ಹನ್ನೆರಡು ಕಾರುಗಳು ಸಾಲಾಗಿ ನಿಂತಿದ್ದವು. "ಮೇಲಿನವರು ಹೋದ ತಿಂಗಳೇ ಕೊಂಡಾಯ್ತು. ಕಂಪನಿ ಬಾಗಿಲು ಹಾಕ್ತಂತೆ, ಇನ್ನು ರಿಪೇರಿಗೆ ಯಾರೂ ಬರಲ್ಲ. ಇದರ ಕಾಯಿಲೆಯೆಲ್ಲ ಗೊತ್ತಿರೋ ಒಬ್ಬರನ್ನ ಹುಡುಕಿ ಅಂತ ನನ್ನ ಪ್ರಾಣ ತಿಂತಿದ್ರು. ಯಾರಿಗೂ ಎರಡು ಮೂರಕ್ಕಿಂತ ಹೆಚ್ಚು ದೋಷ ಕಾಣ್ಲಿಲ್ಲ ರೀ!"

ಅವರು ಹನ್ನೆರಡು ಕೀಲಿಕೈಗಳ ಗೊಂಚಲನ್ನು ಅವನ ಅಂಗೈಗಿಟ್ಟು ಬೆರಳು ಮಡಚಿದರು.

"ನಾಳೆಯಿಂದ ಮೀಟರ್ ಗೀಟರ್ ಬಿಡಿ. ಇವನ್ನ ನೋಡ್ಕೊಳ್ಳೋದೇ ನಿಮ್ಮ ಕೆಲಸ."