ಮಾವನ ದೋಣಿಗೆ ಹೊಸ ತಂತಿ

ಭಾನುವಾರ ಬೆಳಿಗ್ಗೆ ಎಂಟಕ್ಕೆ, ಕೆರೆಯ ಕಟ್ಟೆಯ ಬಳಿ ದೋಣಿಯಲ್ಲಿ ಕೂತು, ಕೈಪಿಡಿ ಅದರ ಮೋಟಾರಿನ ಗುಂಡಿಯನ್ನು ಒಂದಕ್ಕೆ ತಿರುಗಿಸಿದ. ಸದ್ದಿಲ್ಲ. ಎರಡು, ಮೂರು, ಐದರವರೆಗೂ ತಿರುಗಿಸಿದ. ಹೆಂಡತಿಯ ಹುಟ್ಟುಹಬ್ಬ ಮರೆತವನಿಗೆ ಮನೆಯಲ್ಲಿ ಸಿಗುವಂಥ ಮೌನ.

ಕೈಪಿಡಿ ಎಂಬುದು ಓಣಿಯವರು ಇಟ್ಟ ಹೆಸರು. ಗ್ರಂಥಾಲಯದ ಗುಮಾಸ್ತನಾದ ಅವನು ಪುಸ್ತಕ ನೋಡದೆ ಮೊಳೆ ಹೊಡೆದವನಲ್ಲ. ನೋಡಿ ಹೊಡೆದರೂ ಸುತ್ತಿಗೆ ಬೀಳುತ್ತಿದ್ದುದು ಹೆಬ್ಬೆರಳಿಗೇ. ಮೋಟಾರೋ, ದೋಣಿಯ ಹಿಂಬದಿಗೆ ಕಚ್ಚಿಕೊಂಡ ಪುಟ್ಟ ಟ್ರೋಲಿಂಗ್ ಮೋಟಾರು. ಬ್ಯಾಟರಿಯಿಂದ ಓಡಿ, ಮೀನಿಗೆ ಸುಳಿವು ಕೊಡದೆ ದೋಣಿಯನ್ನು ಮೆಲ್ಲಗೆ ಒಯ್ಯುವುದು ಅದರ ಕಸುಬು. ಈಗ ಅದು ದೋಣಿಗೂ ಸುಳಿವು ಕೊಡುತ್ತಿರಲಿಲ್ಲ.

ದೋಣಿ ಮಾವನದು. ಇಪ್ಪತ್ತೆರಡು ವರ್ಷ ಅದರ ಹಿಂದಿನ ಹಲಗೆಯ ಮೇಲೆ ಕೂತು, ಹಿಂದೆ ಗಾಳ ನೋಡುತ್ತ, ಮುಂದೆ ದಾರಿ ನೋಡುತ್ತ, ಕುತ್ತಿಗೆಯ ತಿರುಪು ಸಡಿಲವಾಯಿತೆಂದು ಮೀನು ಹಿಡಿಯುವುದನ್ನೇ ಬಿಟ್ಟಿದ್ದರು. ಬಿಟ್ಟ ದೋಣಿಗೆ ಈಗ ಇಬ್ಬರು ಅಳಿಯಂದಿರು.

"ಸಂಜೆ ನಾಲ್ಕಕ್ಕೆ ಬರ್ತೀನಿ ಅಳಿಯಂದ್ರೇ," ಎಂದಿದ್ದರು ಮಾವ. "ನನ್ನನ್ನ ಕೂರಿಸ್ಕೊಂಡು ಒಂದು ಸುತ್ತು ಹೊಡೆಸಿ. ಓಡಿತೋ, ದೋಣಿ ನಿಮ್ದು. ಓಡ್ಲಿಲ್ವೋ, ಚಿಕ್ಕಳಿಯಂದ್ರಿಗೆ."

ಷಡ್ಡಕನಿಗೆ ಈಜು ಬಾರದು, ಮೀನಿನ ವಾಸನೆಯೂ ಆಗದು. ಆದರೂ ಆಗಲೇ ಅಗಲ ಅಂಚಿನ ಮೀನುಗಾರರ ಟೋಪಿ ಕೊಂಡು, ಹಾಕಿಕೊಂಡು, ಫೋಟೋ ತೆಗೆದು ಕೈಪಿಡಿಗೆ ಕಳಿಸಿದ್ದ. ಆ ಟೋಪಿ ನೆನಪಾದಾಗಲೆಲ್ಲ ಕೈಪಿಡಿಯ ರಕ್ತ ಐದನೇ ವೇಗದಲ್ಲಿ ಓಡುತ್ತಿತ್ತು.

ಅವನು ಟೆಸ್ಟ್ ಬಲ್ಬು ಹಿಡಿದ. ಮೂರು ಬೀದಿ ದೂರದಿಂದ ಹೆಗಲ ಮೇಲೆ ಹೊತ್ತು ತಂದ, ಕೊಬ್ಬಿದ ಕರುವಿನಷ್ಟು ಭಾರದ ಬ್ಯಾಟರಿಗೆ ಹಿಡಿದರೆ ಬಲ್ಬು ಉರಿಯಿತು. ಮೋಟಾರಿನ ಬಳಿಯ ತಂತಿಗೆ ಹಿಡಿದರೆ ಉರಿಯಲಿಲ್ಲ. ನಡುವಿನ ತಂತಿ, ಮಾವ ಸ್ವಂತ ಕೈಯಿಂದ ಹಲಗೆ ಬಡಿದು ಮುಚ್ಚಿದ ಪೆಟ್ಟಿಗೆಯಂಥ ಆಸನದೊಳಗೆ ಹಾದುಹೋಗಿತ್ತು.

"ಸಿಕ್ತು," ಎಂದ ಕೈಪಿಡಿ, ಕಳ್ಳನನ್ನೇ ಹಿಡಿದವನಂತೆ. "ತಂತಿ ಸತ್ತಿದೆ. ಹೊಸ ತಂತಿ ತಂದಿಟ್ಟಿದ್ದೀನಲ್ಲ, ಆಸನದ ಮೇಲಿಂದಲೇ ಎಳೆದುಬಿಡೋದು."

"ಅಳತೆ ನಾನು ತಗೋತೀನಿ," ಎಂದು ದೋಣಿಗೆ ಇಳಿದ ಪಕ್ಕದ ಮನೆಯ ದರ್ಜಿ. ಅವನ ಹಿಂದೆಯೇ ಎದುರು ಮನೆಯ ನಿವೃತ್ತ ಡ್ರಿಲ್ ಮೇಷ್ಟ್ರು, ಸೀಟಿ ಸಮೇತ.

ಕೈಪಿಡಿ ಬ್ಯಾಟರಿಯ ಕ್ಲಿಪ್ಪು ಉಜ್ಜಿ ತಿರುಗುವಷ್ಟರಲ್ಲಿ ದರ್ಜಿಯ ಕತ್ತರಿ ಕಚಕ್ಕೆಂದಿತ್ತು. ಹೊಸ ತಂತಿ ನಾಲ್ಕು ತುಂಡಾಗಿತ್ತು.

"ಇದೇನ್ರೀ ಮಾಡಿದ್ರಿ?"

"ಎರಡು ಮುಂಭಾಗ, ಎರಡು ಹಿಂಭಾಗ. ಜೋಡಿಸಿ ಹೊಲಿದ್ರೆ ಫಿಟಿಂಗ್ ಚೆನ್ನಾಗಿ ಬರುತ್ತೆ. ಅರ್ಧ ಇಂಚು ಮಾರ್ಜಿನ್ ಬಿಟ್ಟಿದ್ದೀನಿ."

ದರ್ಜಿ ಅಳೆದದ್ದು ನೇರಕ್ಕೆ. ದೋಣಿಯ ಸೊಂಟ ಬಾಗಿದ್ದನ್ನು ಲೆಕ್ಕಕ್ಕೆ ಹಿಡಿದಿರಲಿಲ್ಲ. ನಾಲ್ಕೂ ತುಂಡು ಸೇರಿಸಿದರೂ ಒಂದು ಮೊಳ ಕಡಿಮೆ. ಅಂಗಡಿಗೆ ಭಾನುವಾರದ ಬೀಗ. ಕೊನೆಗೆ ಕೈಪಿಡಿ ಆಸನದ ಎರಡೂ ಬದಿ ಹೊರಗೆ ಕಾಣುವ ಕಿಲುಬು ಹಿಡಿದ ತುದಿಗಳನ್ನು ಕತ್ತರಿಸಿ, ಒಳಗಿನ ಹಳೆಯದಕ್ಕೆ ಹೊಸ ತುಂಡು ಹೊಸೆದು, ಟೇಪು ಸುತ್ತಲು ಕೂತ.

"ಇದರಲ್ಲಿ ಪ್ಲಸ್ಸು ಯಾವುದು, ಮೈನಸ್ಸು ಯಾವುದು?" ಅವನು ಪುಸ್ತಕ ತೆರೆದ. "ಇಲ್ಲಿ ಕೆಂಪು ತಂತಿ ಅಂತಿದೆ. ಇಲ್ನೋಡಿದ್ರೆ ಎರಡೂ ಕಪ್ಪು."

"ಹಳೇ ಬಟ್ಟೆ ಸಾರ್, ಬಣ್ಣ ಹೋಗಿದೆ. ಕಪ್ಪಿಗೆ ಕಪ್ಪು ಮ್ಯಾಚಿಂಗ್ ಆಯ್ತಲ್ಲ, ಸೇರಿಸಿ."

ಸೇರಿಸಿದ. ಗುಂಡಿ ತಿರುಗಿಸಿದ. ಮತ್ತದೇ ಮೌನ.

"ಅದಕ್ಕೆ ಶಿಸ್ತಿಲ್ಲ ಕಣ್ರೀ," ಎಂದರು ಮೇಷ್ಟ್ರು. ಒಂದು ಕಾಲು ಕಟ್ಟೆಯ ಮೇಲೆ, ಇನ್ನೊಂದು ದೋಣಿಯ ಅಂಚಿನ ಮೇಲೆ ಊರಿ, ಎದೆ ಉಬ್ಬಿಸಿ ಅಪ್ಪಣೆ ಕೊಟ್ಟರು: "ಮೋಟಾರ್... ಅಟೆನ್‌ಶನ್. ಕ್ವಿಕ್... ಮಾರ್ಚ್."

ಮೋಟಾರು ಅಟೆನ್‌ಶನ್ನಿನಲ್ಲೇ ಉಳಿಯಿತು.

ಆಗ ಕಟ್ಟೆಯ ಮೇಲೆ ಕೋಲಿನ ಸದ್ದು. ನಾಲ್ಕು ಗಂಟೆ. ಮಾವ ಗಾಳ ಸಮೇತ ಬಂದಿದ್ದರು. ಕೈಪಿಡಿಯ ಕಣ್ಣಮುಂದೆ ಟೋಪಿಯೊಂದು ನಗುತ್ತಾ ತೇಲಿತು.

"ರೆಡೀನಾ ಅಳಿಯಂದ್ರೇ?"

"ರೆಡಿ ಮಾವ. ಅಂದ್ರೆ... ಸ್ವಲ್ಪ ಗಾಳಿ ನಿಲ್ಲಲಿ ಅಂತ."

ಎಲೆಯೊಂದೂ ಅಲುಗುತ್ತಿರಲಿಲ್ಲ. ದರ್ಜಿ ಕಟ್ಟೆ ಹತ್ತಿ ಜಾಗ ಬಿಟ್ಟ. ಮಾವ ಹಿಂದಿನ ಆಸನದ ಮೇಲೆ ಕೂತು, ಹಳೆಯ ಅಭ್ಯಾಸದಂತೆ ಎಡಗೈಯನ್ನು ಹಲಗೆಯ ಅಡಿಗೆ ತೂರಿಸಿ ಏನನ್ನೋ ಟಕ್ಕೆನಿಸಿದರು.

"ಅದೇನು ಮಾವ?"

"ಸ್ವಿಚ್ಚು. ಕಳ್ಳರು ದೋಣಿ ಒಯ್ಬಾರ್ದು ಅಂತ ಗುಟ್ಟಾಗಿ..."

ಮಾತು ಮುಗಿಯಲಿಲ್ಲ. ಗುಂಡಿ ಐದರಲ್ಲೇ ಇತ್ತು. ಮೋಟಾರು ಗುರ್ರೆಂದಿತು, ದೋಣಿ ದಿಗ್ಗನೆ ಹಾರಿತು, ಹಿಂದಕ್ಕೆ. ಮೇಷ್ಟ್ರ ಒಂದು ಕಾಲು ಕಟ್ಟೆಯಲ್ಲಿ ಉಳಿಯಿತು, ಇನ್ನೊಂದು ದೋಣಿಯೊಡನೆ ಹೊರಟಿತು. ನಡುವೆ ಉಳಿದ ಮೇಷ್ಟ್ರು ನೀರಿಗೆ ಬಿದ್ದರು.

"ಸ್ಟ್ಯಾಂಡ್ ಅಟ್ ಈಸ್, ಮೇಷ್ಟ್ರೇ," ಎಂದ ದಡದಿಂದ ದರ್ಜಿ, ಅವರ ಪ್ಯಾಂಟಿನ ಹೊಲಿಗೆ ಬಿಟ್ಟದ್ದನ್ನು ಕಣ್ಣಲ್ಲೇ ಅಳೆಯುತ್ತ.

ಕೈಪಿಡಿಗೆ ಹೊಳೆಯಿತು. ತಂತಿ ಸತ್ತೇ ಇರಲಿಲ್ಲ. ಬೆಳಗಿನಿಂದ ಆರೋಗ್ಯವಂತನಿಗೆ ಆಪರೇಷನ್ ಮಾಡಿ, ಹೊಲಿಯುವಾಗ ಪ್ಲಸ್ಸನ್ನು ಮೈನಸ್ಸಿಗೆ ಹೊಲಿದಿದ್ದ. ದೋಣಿ ಬೆನ್ನು ಮುಂದೆ ಮಾಡಿಕೊಂಡು ಜೊಂಡಿನ ಅಂಚಿಗೆ ಹೋಗುತ್ತಿತ್ತು. ಮಾವ ಗುಂಡಿಯನ್ನು ಮೆಲ್ಲಗೆ ಒಂದಕ್ಕೆ ಇಳಿಸಿದರು. ಎಂದಿನಂತೆ ಹಿಂಬದಿಗೆ ಮುಖ ಮಾಡಿ ಗಾಳ ಬಿಟ್ಟರು. ನೋಡಿದರು. ಗಾಳವೂ ಎದುರಿಗೆ, ದಾರಿಯೂ ಎದುರಿಗೆ. ಕುತ್ತಿಗೆ ಒಂದಿಂಚೂ ಹೊರಳಲಿಲ್ಲ.

ಮೂರನೇ ನಿಮಿಷಕ್ಕೆ ಗಾಳ ಬಗ್ಗಿತು. ಮೊಣಕೈ ಉದ್ದದ ಮೀನು ದೋಣಿಯೊಳಗೆ ಪಟಪಟನೆ ಬಡಿದುಕೊಂಡಿತು, ಕೈಪಿಡಿಯ ಎದೆಯೂ. ಗೆದ್ದೆ. ಟೋಪಿ ಸೋತಿತು.

"ಅಳಿಯಂದ್ರೇ," ಮಾವನ ಕಣ್ಣು ತುಂಬಿತ್ತು, "ನನ್ನ ಕುತ್ತಿಗೆಗೋಸ್ಕರ ಇಷ್ಟು ತಲೆ ಓಡಿಸಿದ್ರಾ? ಇಪ್ಪತ್ತೆರಡು ವರ್ಷ ನನಗೆ ಹೊಳೀಲಿಲ್ಲವಲ್ಲ. ಇನ್ನು ಈ ದೋಣಿ ಯಾರಿಗೂ ಕೊಡಲ್ಲ. ನಾನೇ ಇಟ್ಕೋತೀನಿ."

"ಮಾವ, ಅದು ತಪ್ಪಾಗಿ... ಎರಡು ಕ್ಲಿಪ್ಪು ಅದಲುಬದಲು ಮಾಡಿದ್ರೆ ಮುಂದಕ್ಕೇ ಓಡುತ್ತೆ. ಈಗ್ಲೇ ಮಾಡ್ತೀನಿ."

"ಕೈ ತೆಗೀರಿ. ಮುಟ್ಟಿದ್ರೆ ನನ್ನ ಮನೆ ಮೆಟ್ಟಿಲು ಹತ್ಬೇಡಿ."

ದಡ ಸೇರಿದಾಗ ಮಾವ ಉಳಿದದ್ದನ್ನೂ ತೀರ್ಮಾನಿಸಿದರು. ದೋಣಿಯಲ್ಲಿ ಜಾಗ ಇಬ್ಬರಿಗೇ. ಬಲೆ ಹಿಡಿಯಲು ಚಿಕ್ಕಳಿಯ. ಹೇಗೂ ಟೋಪಿ ಕೊಂಡಿದ್ದಾನೆ, ಪಾಪ. "ನೀವು ಪ್ರತಿ ಭಾನುವಾರ ಬ್ಯಾಟರಿ ಚಾರ್ಜ್ ಮಾಡಿ ತಂದ್ಕೊಡಿ. ಈ ವೈರಿಂಗು ಗೊತ್ತಿರೋರು ನೀವೊಬ್ರೇ."

ಬ್ಯಾಟರಿ ಹೆಗಲಿಗೇರಿಸಿ ಎರಡನೇ ಬೀದಿ ದಾಟುವಾಗ ಹೆಂಡತಿಯ ಫೋನು ಬಂತು.

"ರೀ, ಓಡ್ತಾ?"

"ಓಡ್ತು."

"ಹಾಗಾದ್ರೆ ದೋಣಿ ನಮ್ದಾ?"

ಕೈಪಿಡಿ ಬ್ಯಾಟರಿಯನ್ನು ಆ ಹೆಗಲಿನಿಂದ ಈ ಹೆಗಲಿಗೆ ಬದಲಿಸಿದ.

"ಭಾರದ ಭಾಗ ನಮ್ದು."