ಅತ್ತೆಯ ಕಾಲ್ಚೀಲ, ಅಳಿಯನ ತೋಳು

ಈ ಕ್ರಿಸ್‌ಮಸ್‌ಗೆ ಅತ್ತೆಗೆ ನನ್ನ ಕೈಯಾರೆ ಉಣ್ಣೆಯ ಕಾಲ್ಚೀಲ ಹೆಣೆದು ಕೊಡುತ್ತೇನೆಂದು ಡಿಸೆಂಬರ್ ಒಂದನೇ ತಾರೀಖು ಘೋಷಿಸಿಬಿಟ್ಟೆ! ಪ್ಲೆವೆನ್ ಊರಿನಲ್ಲಿ ಮೂವತ್ತೊಂದು ವರ್ಷ ಟ್ರಾಲಿಬಸ್ ಓಡಿಸಿದವನು ನಾನು. ತಲೆಯ ಮೇಲಿನ ಎರಡು ತಂತಿಗಳನ್ನು ಅಷ್ಟು ಕಾಲ ನಿಭಾಯಿಸಿದವನಿಗೆ ಕೈಯೊಳಗಿನ ಒಂದು ದಾರ ಯಾವ ಲೆಕ್ಕ!

"ಅಮ್ಮನಿಗಾ?" ಹೆಂಡತಿ ಜಿವ್ಕಾ ಹುಬ್ಬೇರಿಸಿದಳು. "ಹೋದ ವರ್ಷ ಕೊಟ್ಟಿದ್ದು ಸಾಲ್ದೇನ್ರೀ?"

ಹೋದ ವರ್ಷ ಕೊಟ್ಟದ್ದು ತೂಕದ ಯಂತ್ರ. ಗೀನಾ ಅತ್ತೆಗೆ ಡಾಕ್ಟರು ತೂಕ ನೋಡಿಕೊಳ್ಳಿ ಎಂದಿದ್ದರು. ನಾನು ಅದಕ್ಕೆ ಕೆಂಪು ರಿಬ್ಬನ್ ಕಟ್ಟಿ, ನೆಂಟರೆಲ್ಲರ ಎದುರಿಗೇ ಅರ್ಪಿಸಿದ್ದೆ. ಅಂದಿನಿಂದ ಅತ್ತೆ ನನ್ನ ಜೊತೆ ಮಾತು ಬಿಟ್ಟರು. ಒಂದೇ ಮೇಜಿಗೆ ಕೂತರೂ, "ಜಿವ್ಕಾ, ನಿನ್ನ ಗಂಡನಿಗೆ ಹೇಳು, ಉಪ್ಪು ಈ ಕಡೆ ತಳ್ಳಲಿ!" ಮೊದಮೊದಲು ಸ್ವರ್ಗಕ್ಕೆ ಮೂರೇ ಗೇಣು ಅನ್ನಿಸಿತ್ತು, ಸುಳ್ಳೇಕೆ ಹೇಳಲಿ. ಆದರೆ ನನ್ನ ಟ್ರಾಲಿಬಸ್ ಕಥೆಗಳನ್ನು ಕೊನೆಯವರೆಗೂ ಕೇಳುತ್ತಿದ್ದವರು ಈ ಭೂಮಿಯ ಮೇಲೆ ಅವರೊಬ್ಬರೇ. ಅವರ ಬೈಗುಳವಿಲ್ಲದೆ ಮನೆ ಬಿಕೋ ಎನ್ನತೊಡಗಿತು. ಹೇಗಾದರೂ ಅವರ ಬಾಯಲ್ಲಿ ಒಂದು ಮಾತು, ನೇರವಾಗಿ ನನಗೇ ಬರಬೇಕು. ಅದಕ್ಕೇ ಈ ಕಾಲ್ಚೀಲ.

ಉಣ್ಣೆಯನ್ನು ಅಂಗಡಿಯಿಂದ ತರುವುದು ನಮ್ಮ ತಲೆಮಾರಿನ ರಕ್ತದಲ್ಲಿಲ್ಲ. ಹಳೆಯದನ್ನು ಬಿಚ್ಚಬೇಕು, ಹೊಸದನ್ನು ಹೆಣೆಯಬೇಕು. ಬೀರುವಿನ ಮೇಲಿನ ಚೀಲದಲ್ಲಿ ಕೈಯಾಡಿಸಿದಾಗ ಒಂದು ಸ್ವೆಟರ್ ಸಿಕ್ಕಿತು. ಪಾಚಿ ಹಸಿರು, ಮುಂಗೈ ಬಳಿ ಕಿತ್ತಳೆ ಪಟ್ಟಿ. ಮದುವೆಯಾದ ವರ್ಷ ಅತ್ತೆಯೇ ನನಗೆಂದು ಹೆಣೆದದ್ದು! ಕುರಿ ಇನ್ನೂ ಅದರೊಳಗೇ ಇದೆಯೇನೋ ಎನ್ನುವಂತೆ ಚುಚ್ಚುತ್ತದೆ. "ಒಳ್ಳೇ ದಿನಕ್ಕೆ ಅಂತ ಇಟ್ಟಿದೀನಿ ಅತ್ತೆ" ಎಂದು ಮೂವತ್ತು ವರ್ಷ ತಳ್ಳಿಕೊಂಡು ಬಂದಿದ್ದೆ. ಇದಕ್ಕಿಂತ ಒಳ್ಳೆಯ ದಿನ ಯಾವುದು? ಎರಡು ಕಾಲಿಗೆ ಎರಡು ತೋಳು ಸಾಕು. ತೋಳುಗಳನ್ನು ಬಿಚ್ಚಿಕೊಂಡು ಉಳಿದ ಮೈಯನ್ನು ಮತ್ತೆ ಬೀರುವಿನ ಮೇಲಕ್ಕೆಸೆದೆ. ಎಪ್ಪತ್ತೆಂಟರ ಅತ್ತೆಗೆ ಮೂವತ್ತು ವರ್ಷದ ಹಿಂದಿನ ಉಣ್ಣೆ ನೆನಪಿರುತ್ತದೆಯೇ!

"ಈ ಬಣ್ಣ ಎಲ್ಲೋ ನೋಡಿದ ಹಾಗಿದೆಯಲ್ರೀ?" ಎಂದಳು ಜಿವ್ಕಾ.

"ಹಸಿರು ಅಂದ್ಮೇಲೆ ನೋಡ್ದೇ ಇರ್ತೀಯಾ? ಊರಿನ ಮರ ಎಲ್ಲಾ ಹಸಿರೇ!"

ಮೂರು ವಾರ ಮನೆ ರಣರಂಗವಾಯಿತು. ಕಾಲ್ಚೀಲಕ್ಕೆ ಐದು ಕಡ್ಡಿ ಬೇಕು. ನಾಲ್ಕು ನನ್ನ ಕೈಯಲ್ಲಿದ್ದರೆ ಐದನೆಯದು ಸೋಫಾದಲ್ಲಿ ಹೊಂಚು ಹಾಕಿರುತ್ತಿತ್ತು. ಅದು ಎಲ್ಲಿದೆ ಎಂಬುದನ್ನು ನಾನು ಪ್ರತಿಸಲವೂ ಕೂತೇ ಪತ್ತೆ ಮಾಡಿದೆ! ಹೆಣಿಗೆಯ ಕುಣಿಕೆ ಎಣಿಸುತ್ತಾ ಬೀನ್ಸ್ ಎರಡು ಸಲ ಸೀಯಿಸಿದೆ. ಅಂತೂ ಇಪ್ಪತ್ನಾಲ್ಕರ ಮಧ್ಯಾಹ್ನ ಎರಡೂ ಕಾಲ್ಚೀಲ ಬೆರಳ ತುದಿಯವರೆಗೆ ಮುಗಿದವು.

"ಕೊನೇಲಿ ದಾರಕ್ಕೊಂದು ಗಂಟು ಹಾಕಿ, ಒಳಗಡೆ ಹೊಲೀರಿ. ಮರೀಬೇಡಿ" ಎಂದಳು ಜಿವ್ಕಾ.

ಅಷ್ಟರಲ್ಲಿ ಕರೆಗಂಟೆ ಸದ್ದು ಮಾಡಿತು. ಗಂಟಿಗೆ ಪುರುಸೊತ್ತೆಲ್ಲಿ! ತುದಿಯನ್ನು ಒಳಗೆ ತುರುಕಿ ಓಡಿದೆ.

ಅತ್ತೆ ಬಾಗಿಲಲ್ಲಿ ಬೂಟು ಕಳಚಿದರು. ನಾನು ಮೊಣಕಾಲೂರಿ ಕಾಲ್ಚೀಲ ತೊಡಿಸಿದೆ. ಕಿತ್ತಳೆ ಪಟ್ಟಿಯನ್ನು ಅವರು ಬಹಳ ಹೊತ್ತು ನೋಡಿದರು. "ಜಿವ್ಕಾ, ನಿನ್ನ ಗಂಡನಿಗೆ ಹೇಳು, ಬೆಚ್ಚಗಿದೆ." ನನ್ನ ಕಣ್ಣು ಒದ್ದೆಯಾಯಿತು. ಮಾತು ಬಳಸಿಕೊಂಡು ಬಂದರೂ ಹೊಗಳಿಕೆ ಹೊಗಳಿಕೆಯೇ!

ಕ್ರಿಸ್‌ಮಸ್ ಹಿಂದಿನ ಸಂಜೆಯ ಊಟಕ್ಕೆ ಒಂದು ಕಟ್ಟಳೆಯಿದೆ. ಮೇಜಿನ ಮೇಲೆ ಬೀನ್ಸ್, ಎಲೆಕೋಸಿನ ಸುರುಳಿ, ಕುಂಬಳಕಾಯಿ ಸಿಹಿ ಎಲ್ಲ ಸೇರಿ ಏಳು ಬಗೆ. ಊಟ ಮುಗಿಯುವವರೆಗೆ ಯಾರೂ ಏಳುವಂತಿಲ್ಲ. ಏಳಲೇಬೇಕಾದರೆ ತೆನೆ ತೂಗಿದಂತೆ ಸೊಂಟ ಬಗ್ಗಿಸಿಯೇ ನಡೆಯಬೇಕು, ಇಲ್ಲದಿದ್ದರೆ ಮುಂದಿನ ವರ್ಷದ ಪೈರು ಕೆಡುತ್ತದೆ. ನಮ್ಮ ಪೈರೆಂದರೆ ಬಾಲ್ಕನಿಯ ಎರಡು ಕುಂಡ. ಆದರೂ ಅತ್ತೆಯ ಮುಂದೆ ಕಟ್ಟಳೆ ಕಟ್ಟಳೆಯೇ!

ನನ್ನ ಕೈಯಿಂದ ಒಂದು ಅಕ್ರೋಟು ಜಾರಿ ಕೆಳಗೆ ಬಿತ್ತು. ಬಗ್ಗಿ ನೋಡಿದೆ. ಅತ್ತೆಯ ಬಲಗಾಲಿನ ಐದೂ ಬೆರಳು ಹೊರಗೆ! ನೋಡನೋಡುತ್ತಿದ್ದಂತೆ ಹಿಮ್ಮಡಿಯೂ ಹೊರಬಂತು. ಕಾಲ್ಚೀಲ ಸರಸರನೆ ಬಿಚ್ಚಿಕೊಳ್ಳುತ್ತಿದೆ! ನಮ್ಮ ಬೆಕ್ಕಿನ ಕೆಲಸವೇ ಇರಬೇಕೆಂದು ಸೊಂಟ ಬಗ್ಗಿಸಿ ಎದ್ದೆ.

"ಎಲ್ಲಿಗ್ರೀ?"

"ಪೈರು ನೋಡೋಕೆ!" ಎಂದು ಮೇಜು ಸುತ್ತಿ ಅತ್ತೆಯ ಪಕ್ಕಕ್ಕೆ ಬಂದೆ.

ಬೆಕ್ಕು ಒಲೆಯ ಬಳಿ ನಿದ್ದೆ ಹೊಡೆಯುತ್ತಿತ್ತು. ಅತ್ತೆಯ ಮಡಿಲಲ್ಲಿ, ಮೇಜುಬಟ್ಟೆಯ ಮರೆಯಲ್ಲಿ, ದುಂಡನೆಯ ಹಸಿರು ಉಂಡೆ. ಬಲಗೈಯಲ್ಲಿ ಬೀನ್ಸ್ ತಿನ್ನುತ್ತಲೇ ಎಡಗೈಯಿಂದ ದಾರವನ್ನು ಎಳೆದೆಳೆದು ಮಡಿಲಲ್ಲಿ ಹೊರಳಿಸಿ ಸುತ್ತುತ್ತಿದ್ದರು. ಕಿತ್ತಳೆ ಬಣ್ಣ ಆಗಷ್ಟೇ ಶುರುವಾಗಿತ್ತು.

"ಅಮ್ಮಾ! ಹಬ್ಬದ ಸಂಜೆ ಉಣ್ಣೆ ಮುಟ್ಟಬಾರ್ದು ಅಂತ ನೀನೇ ಹೇಳ್ತಿದ್ಯಲ್ಲ!" ಜಿವ್ಕಾ ಕೂಗಿದಳು.

"ಹೆಣೀಬಾರ್ದು ಅಂದಿದ್ದೆ. ಬಿಚ್ಚಬಾರ್ದು ಅಂದಿದ್ನಾ?" ಎಂದ ಅತ್ತೆ ನನ್ನ ಕಡೆ ತಿರುಗಿದರು. ಒಂದು ವರ್ಷದ ಮೇಲೆ, ನೇರವಾಗಿ, ನನಗೇ! "ಅಳಿಯಂದ್ರೇ, ತೋಳು ಸಿಕ್ತು. ಮೈ ಎಲ್ಲಿ?"

ಬಗ್ಗಿದವನು ಹಾಗೇ ಬೀರುವಿಗೆ ಹೋದೆ, ಹಾಗೇ ತಂದೆ, ಅವರಿಬ್ಬರೆದುರು ಆ ತೋಳಿಲ್ಲದ ಕುರಿಯನ್ನು ತೊಟ್ಟೆ. ಜಿವ್ಕಾ ನಕ್ಕು ನಕ್ಕು ಸುಸ್ತಾದಳು. ಅತ್ತೆ ಉಂಡೆಯನ್ನು ನನ್ನ ಕೈಗಿಟ್ಟು, "ತೋಳು ನೀವೇ ಹೆಣ್ಕೊಳ್ಳಿ. ಮುಗಿಯೋವರ್ಗೂ ಈ ಸ್ವೆಟರ್ ಮೈಯಿಂದ ತೆಗೆಯೋ ಹಾಗಿಲ್ಲ. ಈಗ ಹೇಳಿ, ಟ್ರಾಲಿಬಸ್ಸಿಂದೇನು ಸಮಾಚಾರ?" ಎಂದರು. ಆ ಚುಚ್ಚುವ ಉಣ್ಣೆಯೊಳಗೂ ನನಗೆ ಹಾಯೆನಿಸಿತು.

ಆ ಹಾಯಿ ಮೂರು ದಿನ ಉಳಿಯಿತು. ಈಗ ದಿನಾ ಬೆಳಿಗ್ಗೆ ಏಳಕ್ಕೇ ಫೋನು: "ಎಷ್ಟು ಸಾಲಾಯ್ತು ಅಳಿಯಂದ್ರೇ? ಹಾಕ್ಕೊಂಡಿದೀರಾ?" ನಿನ್ನೆ ಫೋನು ಬಡಿದುಕೊಂಡ ಕೂಡಲೇ ಅದನ್ನು ಜಿವ್ಕಾಳ ಕೈಗೆ ತುರುಕಿ, "ನಿಮ್ಮಮ್ಮಂಗೆ ಹೇಳು, ನಾನು ಮನೇಲಿಲ್ಲ" ಎಂದು ಪಿಸುಗುಟ್ಟಿದೆ.

ಆ ಕಡೆಯಿಂದ ಅತ್ತೆಯ ದನಿ ಖಣಖಣ ಕೇಳಿಸಿತು: "ಹೌದಾ? ಹಂಗಾದ್ರೆ ಆ ಪರಪರ ಅಂತ ಕೆರ್ಕೊಳ್ತಿರೋದು ಯಾರು?"