ನನ್ನ ತೂಕಕ್ಕೆ ಬಗ್ಗದ ಗಾಳಿ ಶಾಕ್ ಅಬ್ಸಾರ್ಬರ್ ಅವರ ಸನ್ನಿಧಾನಕ್ಕೆ

ಮಾನ್ಯರೇ,

ನನ್ನ ಗುಡ್ಡದ ಸೈಕಲ್ಲಿನ ಸೀಟಿನ ಕೆಳಗೆ, ಚೌಕಟ್ಟಿನ ನಡುಮಧ್ಯೆ ವಿರಾಜಮಾನರಾಗಿರುವ, ಹೊಟ್ಟೆ ತುಂಬ ಬರೀ ಗಾಳಿಯನ್ನೇ ಇಟ್ಟುಕೊಂಡೂ ಇಷ್ಟೊಂದು ಗಾಂಭೀರ್ಯದಿಂದಿರುವ ತಮಗೆ, ಕೊರಿಯಾದ ದೇಗು ನಗರದ ಡ್ರೈವಿಂಗ್ ಶಾಲೆಯ ನಿವೃತ್ತ ಶಿಕ್ಷಕ ಪ್ಯೋ ಗಿತೆಕ್ ಮಾಡುವ ಅನಂತ ನಮಸ್ಕಾರಗಳು. ತಾವು ಕ್ಷೇಮವಾಗಿದ್ದೀರೆಂದು ಬಲ್ಲೆ, ಏಕೆಂದರೆ ತಾವು ತಿನ್ನಬೇಕಾಗಿದ್ದ ಏಟುಗಳನ್ನೆಲ್ಲ ಇಷ್ಟು ದಿನವೂ ನನ್ನ ಸೊಂಟವೇ ತಿಂದಿದೆ. ತಮ್ಮ ಮೇಲೆ ಕೂತು ಹೇಳಲಾಗದ್ದನ್ನು, ದಿಂಬಿನ ಮೇಲೆ ಕೂತು, ನಾಲ್ಕು ಜನ ಓದಲಿ ಎಂದೇ ಬಹಿರಂಗವಾಗಿ ಬರೆಯುತ್ತಿದ್ದೇನೆ.

ತಾವು ನಮ್ಮ ಮನೆಗೆ ಬಂದದ್ದೇ ನನ್ನ ಸೈಕಲ್ ಉಳಿಸುವ ಪುಣ್ಯಕಾರ್ಯಕ್ಕೆ ಎಂಬುದನ್ನು ನೆನಪಿಸಬಯಸುತ್ತೇನೆ. ವಸಂತದಲ್ಲಿ ನಾನು ಅಪ್ಸಾನ್ ಗುಡ್ಡದಿಂದ ಉರುಳಿ ಭುಜದ ಮೂಳೆ ಮುರಿದುಕೊಂಡಾಗ, ಮಾರುಕಟ್ಟೆಯಲ್ಲಿ ಕೋಸು ಮೂಲಂಗಿ ಮಾರುವ ನನ್ನ ಹೆಂಡತಿ ಒಕ್ರಾನ್, ಇನ್ನೊಂದು ಸಲ ಬಿದ್ದುಬಂದರೆ ಸೈಕಲ್ ಮಾರಿ ಆ ಮೂಲೆಯಲ್ಲಿ ಕೋಸಿನ ಉಪ್ಪಿನಕಾಯಿ ಕಿಮ್ಚಿಗೆಂದೇ ಒಂದು ಫ್ರಿಜ್ ಇಡುವುದಾಗಿ ಶಾಂತವಾಗಿ ತಿಳಿಸಿದಳು. ಅವಳು ಕೂಗಾಡಿದ್ದರೆ ನನಗೆ ಹೆದರಿಕೆಯಾಗುತ್ತಿರಲಿಲ್ಲ. ಭಾನುವಾರದ ಆ ಗುಡ್ಡ ಬಿಟ್ಟರೆ ನನಗೆ ಈ ವಯಸ್ಸಿನಲ್ಲಿ ಬೇರೆ ಏನಿದೆ ಸ್ವಾಮಿ? ಹಾಗಾಗಿ ಹಳೆಯ ಸ್ಪ್ರಿಂಗಿಗೆ ವಿದಾಯ ಹೇಳಿ, ಕಲ್ಲಿಗೂ ಬೇರಿಗೂ ಬೆಣ್ಣೆಯ ಹಾಗೆ ಮೃದುವೆಂದು ಹೆಸರಾದ ತಮ್ಮನ್ನು ಬರಮಾಡಿಕೊಂಡೆ.

ಸವಾರ ಸುಮ್ಮನೆ ಏರಿ ಕೂತರೆ ಸಾಕು, ತಾವು ಕಾಲು ಭಾಗದಷ್ಟು ಕುಗ್ಗಿ ಗೌರವ ಸೂಚಿಸಬೇಕು. ಅದಕ್ಕೆ ಸವಾರನ ತೂಕ ತಿಳಿದು ಒಳಗೆ ಗಾಳಿ ತುಂಬಬೇಕು. ಇದು ತಮ್ಮ ಕುಲದ ನಿಯಮ. ಹೆಲ್ಮೆಟ್, ಶೂ, ನೀರಿನ ಚೀಲ ಎಲ್ಲ ಹಾಕಿಕೊಂಡೇ ತೂಗಿಸಿಕೊಂಡು ಬಾ ಎಂದು ಸೈಕಲ್ ಅಂಗಡಿಯ ಬೊಂಗ್ಸು ಅಣ್ಣ ಅಪ್ಪಣೆ ಕೊಟ್ಟರು. ನಮ್ಮ ಸೈಕಲ್ ಕ್ಲಬ್ಬಿಗೆ ಹಿರಿಯರಾದ ಇವರು ಹೋದ ವರ್ಷದವರೆಗೆ ಹಂದಿಮಾಂಸದ ಅಂಗಡಿ ಇಟ್ಟಿದ್ದವರು. ಮನೆಯ ತೂಕದ ಯಂತ್ರ ಕೆಟ್ಟಿದ್ದರಿಂದ ನಾನು ಪೂರ್ತಿ ವೇಷದಲ್ಲಿ ಮಾರುಕಟ್ಟೆಗೆ ಹೋಗಿ, ಮೂಲಂಗಿ ಕೊಳ್ಳಲು ಬಂದ ಹೆಂಗಸರೆಲ್ಲ ನೋಡುತ್ತಿರುವಾಗ, ಒಕ್ರಾನಳ ಕೋಸಿನ ತಕ್ಕಡಿಯ ಮೇಲೆ ನಿಂತೆ. ಅವಳು ಮುಳ್ಳು ನೋಡಿ, ಅಭ್ಯಾಸಬಲದಿಂದ ಅದನ್ನು ಮಾರುಕಟ್ಟೆಯವರ ಹಳೆಯ ತೂಕವಾದ ಗುನ್‌ಗೆ ಬಾಯಲ್ಲೇ ಲೆಕ್ಕ ಹಾಕಿ, ಇನ್ನೂರು ಗುನ್ ಎಂದು ಅಲ್ಲಿಂದಲೇ ಅಣ್ಣನಿಗೆ ಫೋನ್ ಮಾಡಿದಳು. ಅಣ್ಣ ಗಾಳಿ ತುಂಬಿದರು. ಎಷ್ಟು ಕುಗ್ಗುತ್ತದೆಂದು ಒಮ್ಮೆ ಕೂರಿಸಿ ನೋಡಬೇಕೆಂಬ ಶಾಸ್ತ್ರವಿದ್ದರೂ, ತಂಗಿ ತೂಗಿದ ಮೇಲೆ ಮತ್ತೆ ಅಳೆದರೆ ಅವಳಿಗೆ ಅವಮಾನ ಎಂದು ಬಿಟ್ಟರು.

ಆಮೇಲೆ ತಾವು ತೋರಿದ ಸ್ವಾಭಿಮಾನವನ್ನು ಯಾವ ಬಾಯಿಂದ ಹೊಗಳಲಿ! ಈ ಊರಿನಲ್ಲಿ ಲಿಫ್ಟಿನೊಳಗೂ ಹಿರಿಯರನ್ನು ಕಂಡರೆ ಜನ ಬಗ್ಗುತ್ತಾರೆ. ತಾವು ಮಾತ್ರ ನಾನು ಕೂತರೂ ಬಗ್ಗಲಿಲ್ಲ, ಕುಣಿದರೂ ಬಗ್ಗಲಿಲ್ಲ, ಪೈನ್ ಮರದ ಬೇರುಗಳ ಮೇಲಂತೂ ನನ್ನ ಹಲ್ಲುಗಳನ್ನು ಒಂದೊಂದಾಗಿ ಪರಿಚಯ ಮಾಡಿಕೊಟ್ಟಿರಿ. ತುಂಬ ಗಟ್ಟಿ ಅನ್ನಿಸುತ್ತದೆ ಎಂದು ಅಣ್ಣನ ಮುಂದೆ ಅಂಜುತ್ತ ಅರಿಕೆ ಮಾಡಿಕೊಂಡರೆ, ಅಭ್ಯಾಸವಾಗುತ್ತದೆ ಎಂದರು. ಹಿರಿಯರು ಹಾಗೆಂದ ಮೇಲೆ ಕ್ಲಬ್ಬಿನವರೆಲ್ಲ ತಲೆಯಾಡಿಸಿದರು, ನನ್ನ ತಲೆಯೂ ತಾನಾಗಿ ಆಡಿತು.

ಕಳೆದ ಭಾನುವಾರ ಇಳಿಜಾರಿನಲ್ಲಿ ತಾವು ನನ್ನನ್ನು ಚೆಂಡಿನ ಹಾಗೆ ಚಿಮ್ಮಿಸಿದಿರಿ. ನಾನು ನೇರವಾಗಿ ಹೋಗಿ ಬಿದ್ದದ್ದು ಚಾಪೆ ಹಾಸಿ ಊಟಕ್ಕೆ ಕೂತಿದ್ದ ಚಾರಣಿಗರ ನಟ್ಟನಡುವೆ. ಅವರು ಮೊದಲು ಮಕ್ಕೊಲ್ಲಿ ಎಂಬ ಅಕ್ಕಿಯ ಹೆಂಡದ ಕೆಟಲ್ ನೆಟ್ಟಗಿದೆಯೇ ಎಂದು ನೋಡಿ, ಆಮೇಲೆ ನನ್ನನ್ನು ನೋಡಿ, ಕೊನೆಗೆ ಈರುಳ್ಳಿಸೊಪ್ಪಿನ ದೋಸೆ ತಿನ್ನಿಸಿ ಕಳಿಸಿದರು. ಬಿದ್ದದ್ದನ್ನು ಮನೆಯಲ್ಲಿ ಮುಚ್ಚಿಡಬಹುದಿತ್ತು, ಆದರೆ ಹೆಲ್ಮೆಟ್ಟಿನ ತೂತುಗಳಲ್ಲಿ ಈರುಳ್ಳಿಸೊಪ್ಪು ಉಳಿದುಬಿಟ್ಟಿತ್ತು.

ಒಕ್ರಾನ್ ಆ ಸೊಪ್ಪನ್ನು ಒಂದೊಂದಾಗಿ ಹೆಕ್ಕಿದಳು. ಸೈಕಲ್ಲಿನ ಫೋಟೊ ತೆಗೆದು ಮಾರಾಟಕ್ಕೆ ಹಾಕಿದಳು. ಸಂಜೆಯೇ ಬಂದು ಒಯ್ಯುತ್ತೇನೆಂದವನೊಬ್ಬ, ಶಾಕ್ ಎಷ್ಟು ತೂಕಕ್ಕೆ ಹೊಂದಿಸಿದೆ ಎಂದು ಕೇಳಿದ. ಅವಳು ಸ್ಪೀಕರ್ ಹಾಕಿ ಬೊಂಗ್ಸು ಅಣ್ಣನಿಗೆ ಫೋನ್ ಮಾಡಿದಳು. ನಾನು ಸೈಕಲ್ಲಿನ ಚಕ್ರ ಹಿಡಿದುಕೊಂಡು ನೆಲದ ಮೇಲೆ ಕೂತಿದ್ದೆ. ನಾಚಿಕೆಯಿಲ್ಲದೆ ಹೇಳುತ್ತೇನೆ, ಕಣ್ಣಲ್ಲಿ ನೀರಿತ್ತು.

"ನೂರಿಪ್ಪತ್ತು ಕಿಲೋಗೆ ಅಂತ ಹೇಳು ತಂಗಿ," ಎಂದರು ಅಣ್ಣ. "ನೀನೇ ಇನ್ನೂರು ಗುನ್ ಅಂದಿದ್ಯಲ್ಲ."

"ನೂರಿಪ್ಪತ್ತಾ? ಎಂಬತ್ತು ಕಣ್ರೀ. ಗುನ್‌ಗೆ ನಾನೂರು ಗ್ರಾಂ."

"ಅದು ತರಕಾರಿ ಗುನ್. ಮಾಂಸಕ್ಕೆ ಆರುನೂರು. ಗಿತೆಕ್ ಮಾಂಸ ಅಲ್ವೇನಮ್ಮ?"

"ನನ್ನ ತಕ್ಕಡೀಲಿ ತೂಗಿದ್ದೆಲ್ಲ ತರಕಾರೀನೇ."

ನನ್ನನ್ನು ವಾರವಾರ ಕಣ್ಣಾರೆ ಕಂಡೂ ನೂರಿಪ್ಪತ್ತು ಕಿಲೋ ಎಂದು ಹೇಗೆ ನಂಬಿದಿರಿ ಎಂದು ನಾನು ನೆಲದಿಂದಲೇ ಕೇಳಿದೆ. ಉಸಿರು ಬಿಗಿಹಿಡಿದು ಹೊಟ್ಟೆ ಒಳಗೆಳೆದುಕೊಂಡಿದ್ದೀಯೆಂದು ತಿಳಿದು, ಮರ್ಯಾದೆಗೆ ಕೇಳಲಿಲ್ಲವೆಂದರು ಅಣ್ಣ.

ಮಾನ್ಯರೇ, ಆ ಕ್ಷಣ ನನ್ನ ಮನಸ್ಸು ತಮ್ಮ ಬಗ್ಗೆ ಎಷ್ಟು ಕರಗಿತೆಂದರೆ ಕ್ಷಮೆ ಕೇಳಲು ಪಂಪು ಹಿಡಿದು ಓಡಿಬಂದೆ. ಒಂದಿಷ್ಟು ಗಾಳಿ ಬಿಟ್ಟರೆ ಎಲ್ಲ ಸರಿಹೋಗುತ್ತದೆ, ಸೈಕಲ್ ಮಾರಬೇಡ ಎಂದು ಅಂಗಲಾಚಿದೆ. ಒಕ್ರಾನ್ ಬಾಯೊಳಗೇ ಏನೋ ಕೂಡಿ ಕಳೆದಳು. ಕೊಳ್ಳುವವನಿಗೆ ಬರಬೇಡವೆಂದು ಹೇಳಿದಳು. ನಾನು ಕುಣಿದಾಡುವಷ್ಟರಲ್ಲಿ ನನ್ನ ಕೈಯಿಂದ ಪಂಪು ಕಸಿದುಕೊಂಡಳು.

"ಗಾಳಿ ಬಿಡ್ಬೇಡ. ನಿನ್ ಜೊತೆ ನೂರು ಗುನ್ ಕೋಸು ಹೇರಿದ್ರೆ ಸರಿಯಾಗಿ ನೂರಿಪ್ಪತ್ತು ಕಿಲೋ ಆಗತ್ತೆ. ಕಿಮ್ಚಿ ಹಾಕೋ ಕಾಲ, ಕೋಸು ತರೋಕೆ ಗಾಡಿ ಸಿಗ್ತಿಲ್ಲ."

ಹೀಗೆ ನನ್ನ ಸೈಕಲ್ ಉಳಿಯಿತು. ಈಗ ನಾನು ದಿನಾ ಬೆಳಗ್ಗೆ ಎದೆಗೊಂದು ಬೆನ್ನಿಗೊಂದು ಕೋಸಿನ ಚೀಲ ಕಟ್ಟಿಕೊಂಡು, ಸಗಟು ಮಾರುಕಟ್ಟೆಯಿಂದ ಅವಳ ಅಂಗಡಿಗೆ ಗುಡ್ಡದ ಬುಡ ಬಳಸಿ ಬರುತ್ತೇನೆ. ನನ್ನ ದೂರು ಇರುವುದೇ ಇಲ್ಲಿ: ನನಗೊಬ್ಬನಿಗೆ ಕೂದಲೆಳೆಯಷ್ಟೂ ಬಗ್ಗದಿದ್ದ ತಾವು, ಕೋಸು ಏರಿದೊಡನೆ ಅಳತೆಗೆ ಸರಿಯಾಗಿ ಕಾಲು ಭಾಗ ತಲೆಬಾಗಿ, ದಾರಿಯ ಹೊಂಡಗಳನ್ನೆಲ್ಲ ರೇಷ್ಮೆಯಾಗಿಸಿದಿರಿ. ಒಂದೇ ಒಂದು ಕೋಸಿಗೆ ಗಾಯವಾಗಿಲ್ಲ ಎಂದು ಒಕ್ರಾನ್ ತಮ್ಮನ್ನು ಒರೆಸಿ ಹೊಗಳುತ್ತಾಳೆ. ನನ್ನನ್ನು ಮದುವೆಯಾದಾಗಿನಿಂದ ಹಾಗೆ ಒರೆಸಿಲ್ಲ. ಆದ್ದರಿಂದ ತಾವು ದಯಮಾಡಿ ಭಾನುವಾರಗಳಂದು ಮಾತ್ರ ನನ್ನನ್ನೂ ಒಂದು ಕೋಸೆಂದು ಭಾವಿಸಬೇಕು, ಅದಾಗದಿದ್ದರೆ ನನ್ನ ಹುಟ್ಟುಹಬ್ಬದ ದಿನವಾದರೂ ಒಳಗಿನ ಗಾಳಿಯನ್ನು ಸ್ವಂತ ಇಚ್ಛೆಯಿಂದ ಅಷ್ಟಿಷ್ಟು ಬಿಟ್ಟುಕೊಡಬೇಕು ಎಂದು ಕೈಮುಗಿದು ಬೇಡುತ್ತೇನೆ.

ಸೊಂಟದ ಮೇಲೆ ಬಿಸಿನೀರಿನ ಚೀಲ ಇಟ್ಟುಕೊಂಡೇ ಸಹಿ ಹಾಕುತ್ತಿರುವ,

ತಮ್ಮ ವಿಶ್ವಾಸಿ,
ಪ್ಯೋ ಗಿತೆಕ್
(ಎಂಬತ್ತು ಕಿಲೋ, ಮಾಂಸ)

ಮರೆತ ಮಾತು: ಈ ಪತ್ರವನ್ನು ಒಕ್ರಾನ್ ಓದಿದಳು. ಭಾನುವಾರಕ್ಕೆಂದು ಗಾಳಿ ಬಿಡುವ ಅಗತ್ಯವೇ ಇಲ್ಲವಂತೆ. ಚಳಿಗಾಲ ಮುಗಿಯುವುದರೊಳಗೆ ಆ ಕೋಸೆಲ್ಲ ಕಿಮ್ಚಿಯಾಗಿ ನನ್ನ ಹೊಟ್ಟೆಗೇ ಹೋಗುವುದರಿಂದ, ವಸಂತಕ್ಕೆ ಚೀಲವಿಲ್ಲದೆಯೇ ನಾನು ತಮ್ಮ ಅಳತೆಗೆ ಬರುತ್ತೇನಂತೆ.